ಗೇಟಿನಲ್ಲಿ ಕೂಗಿದ ರವಕೆ ಕಣ

ದೊಡ್ಡ ಅಂಗಡಿಯ ಬಾಗಿಲಲ್ಲಿ ಕುತ್ತಿಗೆಗೆ ಐಡಿ ನೇತುಹಾಕಿಕೊಂಡು ನಿಲ್ಲುವ ಕೆಲಸಕ್ಕೆ ನೀವು ಸೇರಿದ್ದೀರಿ ಅಂತಾದರೆ ಮೊದಲು ಒಂದು ಒಳ್ಳೆ ಜೊತೆ ಚಪ್ಪಲಿ ತೆಗೊಳ್ಳಿ. ಬಾಕಿದ್ದೆಲ್ಲ ಆಮೇಲೆ. ಕಾನೂನು, ಕ್ಯಾಮೆರಾ, ಕಳ್ಳರ ಉಪಾಯ ಎಲ್ಲವನ್ನೂ ನಿಧಾನಕ್ಕೆ ಕಲಿಯಬಹುದು. ಹಿಮ್ಮಡಿ ಹೋದರೆ ಹೋಯಿತು, ಮಾರಾಯ್ರೆ.

ನನ್ನ ಹೆಸರು ಗಿರಿಜಾ. ಹುಟ್ಟಿದ್ದು ಕಾರ್ಕಳದ ಹತ್ತಿರ, ಮದುವೆಯಾಗಿ ಬಂದದ್ದು ಡೊಂಬಿವ್ಲಿಗೆ. ಒಂದೇ ಕಂಪನಿಯ ಅಂಗಡಿಗಳಲ್ಲಿ, ಮೊದಲು ಠಾಣೆಯ ನೌಪಾಡಾದಲ್ಲಿ, ಆಮೇಲೆ ವಾಶಿ, ಕಲ್ಯಾಣ, ಕಡೆಗೆ ಮನೆಗೆ ಹತ್ತಿರದ ಡೊಂಬಿವ್ಲಿಯಲ್ಲಿ ಸೆಕ್ಯೂರಿಟಿ ಕೆಲಸ ಮಾಡಿ ಈಗ ರಿಟೈರ್ ಆಗಿ ಕೂತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಮಾನನಷ್ಟ ಅಂತ ನನ್ನ ಮೇಲೇ ಕೇಸು ಹಾಕಿಯಾರು. ಆ ಶಬ್ದದ ಅರ್ಥ ನನಗೆ ಅನುಭವದಿಂದ ಗೊತ್ತುಂಟು, ಅದನ್ನೇ ಹೇಳಲು ಹೊರಟಿದ್ದು.

ಹೊಸದಾಗಿ ಸೇರಿದ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಆಂಟಿ, ಚೋರ್ ಕೋ ಕೈಸೆ ಪಕಡನೇ ಕಾ?" ಕಳ್ಳರನ್ನು ಹಿಡಿಯುವುದು ಎಂತ ದೊಡ್ಡ ವಿಷಯ! ಕಳ್ಳರಲ್ಲದವರನ್ನು ಹಿಡಿಯದೇ ಇರುವುದು ಹೇಗೆ ಅಂತ ಒಬ್ಬಳಾದರೂ ಕೇಳಬೇಕಲ್ಲ? ಇಲ್ಲ. ಎಲ್ಲರಿಗೂ ಟೀವಿಯಲ್ಲಿ ನೋಡಿದ ಹಾಗೆ ಓಡಿಹೋಗಿ ಕಾಲರ್ ಹಿಡಿಯುವ ಆಸೆ.

ಆ ಆಸೆ ನಮ್ಮ ಮೇಲಿನವರಿಗೂ ಇತ್ತು. ಈ ಎಲ್ಲ ಅಂಗಡಿಗಳ ಸೆಕ್ಯೂರಿಟಿ ಮುಖ್ಯಸ್ಥರು ಭೋಸಲೆ ಸಾಹೇಬರು, ಮಿಲಿಟರಿಯಿಂದ ಬಂದವರು. ಮೀಸೆ, ಎದೆ, ಗಂಟಲು ಎಲ್ಲವೂ ದೊಡ್ಡದು. ಮನುಷ್ಯ ಒಳ್ಳೆಯವರೇ. ನನಗೆ ಕಾಲುನೋವು ಬಂದಾಗ ಯಾರನ್ನೂ ಕೇಳದೆ ಗೇಟಿನಲ್ಲಿ ಸ್ಟೂಲ್ ಹಾಕಿಸಿದವರು. ಆದರೆ ಅಂಗಡಿಯನ್ನು ಅವರು ಗಡಿ ಅಂತಲೇ ತಿಳಿದಿದ್ದರು. ಒಳಗೆ ಬರುವವರೆಲ್ಲ ಗ್ರಾಹಕರು, ಹೊರಗೆ ಹೋಗುವವರೆಲ್ಲ ಶತ್ರುಗಳು.

ನೌಪಾಡಾದಲ್ಲಿ ಒಮ್ಮೆ ಹೊಟ್ಟೆ ಮುಂದೆ ಬಂದ ಒಬ್ಬರು ಬಿಲ್ ಮಾಡದೆ ಹೊರಗೆ ಹೊರಟರು. ತಲೆದಿಂಬಿನ ಸೇಲ್ ನಡೆಯುತ್ತಿದ್ದ ದಿನ. ಭೋಸಲೆ ಸಾಹೇಬರಿಗೆ ಅಷ್ಟು ಸಾಕಾಯಿತು.

"ಶರ್ಟಿನ ಒಳಗೆ ಎಂತ ಉಂಟು?" ಅಂತ ಹಿಂದಿಯಲ್ಲಿ ಗದರಿದರು.

ಆ ಮನುಷ್ಯ ನಿಂತು, ನಿಧಾನಕ್ಕೆ ಎರಡು ಗುಂಡಿ ಬಿಚ್ಚಿ ತೋರಿಸಿದರು. "ಇದು ಇಪ್ಪತ್ತು ವರ್ಷ ನನ್ನದೇ ಹೋಟೆಲಿನಲ್ಲಿ ತಿಂದ ಮಸಾಲೆ ದೋಸೆ ಸಾಹೇಬ್ರೆ. ಬಿಲ್ ಬೇಕಾದರೆ ಗಲ್ಲಾದಲ್ಲಿ ಕೇಳಿ ತರಿಸುತ್ತೇನೆ."

ನನಗೆ ನಗು ತಡೆಯಲಾಗದೆ ಬಟ್ಟೆಯ ರ್‍ಯಾಕಿನ ಹಿಂದೆ ಹೋಗಿ ನಿಂತೆ. ಪುಣ್ಯಕ್ಕೆ ಅವರು ನಮ್ಮ ಕಡೆಯವರು, ಕುಂದಾಪುರದವರು. ಒಂದು ಲೋಟ ಮಜ್ಜಿಗೆ ಕುಡಿದು ಕ್ಷಮಿಸಿ ಹೋದರು. ಎಲ್ಲರೂ ಮಜ್ಜಿಗೆಯಲ್ಲಿ ಮುಗಿಸುವುದಿಲ್ಲ ಅಂತ ಭೋಸಲೆ ಸಾಹೇಬರಿಗೆ ಆಗ ಹೊಳೆಯಲಿಲ್ಲ.

ನಿಜವಾದ ಕಳ್ಳರು ಇರಲಿಲ್ಲವೋ? ಇದ್ದರು. ವಾಶಿಯಲ್ಲಿ ಒಬ್ಬ ಇಸ್ತ್ರಿ ಮಾಡಿದ ಶರ್ಟಿನ ಯಜಮಾನರು ವಾರ ತಪ್ಪದೆ ಬರುತ್ತಿದ್ದರು. ಟ್ರಾಲಿ ತಳ್ಳುತ್ತಾ ಬಿಸ್ಕತ್ತಿನ ಪೊಟ್ಟಣ ಒಡೆದು, ಒಂದೊಂದೇ ತಿಂದು, ಖಾಲಿ ಕವರನ್ನು ಅಕ್ಕಿಮೂಟೆಯ ಹಿಂದೆ ಸಿಕ್ಕಿಸಿ ಹೋಗುವುದು. ಮಾಲೆಲ್ಲ ಹೊಟ್ಟೆಯಲ್ಲಿ. ಹೊಟ್ಟೆಯನ್ನು ಜಪ್ತಿ ಮಾಡುವುದುಂಟಾ? ನಾನು ಎಂತ ಮಾಡಿದೆ ಅಂದರೆ, ಅವರು ಬಿಲ್ಲಿನ ಕೌಂಟರಿಗೆ ಬರುವಾಗ ಆ ಖಾಲಿ ಕವರನ್ನು ತಟ್ಟೆಯಲ್ಲಿಟ್ಟು ತಂದು, "ಸರ್, ಇದು ನಿಮ್ಮ ಟ್ರಾಲಿಯಿಂದ ಬಿದ್ದುಹೋಯಿತು, ಬಿಲ್ಲಿಗೆ ಸೇರಿಸಬೇಕಲ್ಲ?" ಅಂದೆ. ಅವರು ಕೆಂಪಾಗಿ, "ಓ ಹೌದು ಹೌದು, ಥ್ಯಾಂಕ್ಯೂ" ಅಂದರು. ಆಮೇಲೆ ಬಂದಾಗಲೆಲ್ಲ ನನ್ನನ್ನು ಕಂಡರೆ ಅವರೇ ನಮಸ್ಕಾರ ಮಾಡುತ್ತಿದ್ದರು.

ಇದನ್ನು ನೆನಪಿಟ್ಟುಕೊಳ್ಳಿ. "ಕದ್ದಿದ್ದೀರಾ" ಅಂತ ಕೇಳಿದರೆ ಜಗಳ. "ಬಿಲ್ ಮಾಡಲು ಮರೆತಿರಾ" ಅಂತ ಕೇಳಿದರೆ ಕಳ್ಳನಿಗೂ ಹೊರಗೆ ಬರಲು ದಾರಿ, ಕಳ್ಳನಲ್ಲದವನಿಗೂ ಅವಮಾನ ಇಲ್ಲ.

ವಾಶಿಯ ಹೆಡ್ ಆಫೀಸಿನಲ್ಲಿ ಕಂಪನಿಯ ವಕೀಲರು ನಮಗೆಲ್ಲ ಒಂದು ಕ್ಲಾಸ್ ತೆಗೆದುಕೊಂಡಿದ್ದರು. ತೆಳ್ಳಗಿನ ಮನುಷ್ಯ, ಮೆಲ್ಲಗೆ ಮಾತು. ಅವರು ಹೇಳಿದ್ದು ಇಷ್ಟು: ಕಳ್ಳತನ ನಿಮ್ಮ ಕಣ್ಣೆದುರೇ ನಡೆದಿದ್ದರೆ ಮಾತ್ರ ನೀವು ಹಿಡಿಯುವ ಮಾತು ಬರುತ್ತದೆ, ಹಿಡಿದರೂ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಬರೀ ಅನುಮಾನದ ಮೇಲೆ ದಾರಿ ತಡೆದರೆ ಅದು ನಿಮ್ಮ ಅಪರಾಧ. ಕೋಣೆಯಲ್ಲಿ ಕೂರಿಸಿದರೆ ಇನ್ನೂ ದೊಡ್ಡ ಅಪರಾಧ. ಎಲ್ಲರೆದುರು ಕಳ್ಳ ಅಂದರೆ ಮಾನನಷ್ಟ. ಮೇಲಿಂದ ಗ್ರಾಹಕರ ಕೋರ್ಟು ಬೇರೆ. ಈಗಿನ ಹೊಸ ಕಾನೂನಿನಲ್ಲಿ ಸಣ್ಣಪುಟ್ಟ ಕಳವಿಗೆ ಪೊಲೀಸರಿಗೇ ಹಿಂದಿನ ಹಾಗೆ ಕೂಡಲೇ ಹಿಡಿಯಲು ಆಗುವುದಿಲ್ಲವಂತೆ, ಹಾಗಿದ್ದ ಮೇಲೆ ನಮಗೆಲ್ಲಿಂದ?

ಭೋಸಲೆ ಸಾಹೇಬರು ಮುಂದಿನ ಸಾಲಿನಲ್ಲೇ ಕೂತು ಕೇಳಿದರು. ಕೇಳಿ, ತಮಗೆ ಬೇಕಾದ ಅರ್ಥ ಮಾಡಿಕೊಂಡರು. "ಗಿರಿಜಾಬಾಯಿ, ಇನ್ನು ಮೇಲೆ ಕ್ಯಾಬಿನ್ನಿನ ಬಾಗಿಲು ತೆರೆದೇ ಇರಲಿ. ಬಾಗಿಲು ತೆರೆದಿದ್ದರೆ ಅದು ಬಂಧನ ಆಗುವುದಿಲ್ಲ."

ಆವತ್ತಿನಿಂದ ಬಾಗಿಲು ತೆರೆದೇ ಇರುತ್ತಿತ್ತು. ಆ ಬಾಗಿಲಿನಷ್ಟೇ ಅಗಲದ ಭೋಸಲೆ ಸಾಹೇಬರು ಅದರಲ್ಲಿ ನಿಂತಿರುತ್ತಿದ್ದರು.

ಆಮೇಲೆ ಟ್ಯಾಗ್ ಬಂತು. ಸಾಮಾನಿಗೆ ಅಂಟಿಸಿದ ಸಣ್ಣ ಪಟ್ಟಿ. ಬಿಲ್ ಮಾಡುವಾಗ ಕೌಂಟರಿನ ಹಲಗೆಗೆ ಉಜ್ಜಿದರೆ ಸತ್ತುಹೋಗುತ್ತದೆ, ಉಜ್ಜದಿದ್ದರೆ ಹೊರಗೆ ಹೋಗುವ ಗೇಟಿನಲ್ಲಿ ಮಾತ್ರ ಇರುವ ಕಂಬ "ಬೀಪ್ ಬೀಪ್" ಅಂತ ಕೂಗುತ್ತದೆ. ಭೋಸಲೆ ಸಾಹೇಬರಿಗೆ ಆ ಕಂಬದ ಮೇಲೆ ದೇವರಷ್ಟು ಭಕ್ತಿ. ಆ ದೇವರು ಬೇರೆ ಅಂಗಡಿಯ ಬ್ಯಾಗಿಗೂ ಕೂಗುತ್ತದೆ, ಲೈಬ್ರರಿ ಪುಸ್ತಕಕ್ಕೂ ಕೂಗುತ್ತದೆ, ಒಮ್ಮೊಮ್ಮೆ ಸುಮ್ಮನೆ ಬೇಜಾರಾಗಿಯೂ ಕೂಗುತ್ತದೆ ಅಂತ ನಾನು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

ಹೀಗಿರುವಾಗ ಡೊಂಬಿವ್ಲಿಯ ಅಂಗಡಿಯಲ್ಲಿ ವಾರಿಜಕ್ಕನ ಕತೆ ನಡೆಯಿತು.

ಸಂಕ್ರಾಂತಿ ಕಳೆದ ಮೇಲೆ ಇಲ್ಲಿಯ ಮರಾಠಿ ಮನೆಗಳಲ್ಲಿ ಹಳದಿಕುಂಕುಮದ ಭರಾಟೆ. ಬಂದ ಮುತ್ತೈದೆಯರಿಗೆಲ್ಲ ಡಬ್ಬಿಯೋ ಬಟ್ಟಲೋ ಒಂದು ಸಣ್ಣ ಉಡುಗೊರೆ ಕೊಡಬೇಕು. ಅದನ್ನು ಕೊಳ್ಳಲು ಹೆಂಗಸರು ನಮ್ಮ ಅಂಗಡಿಗೇ ನುಗ್ಗುತ್ತಿದ್ದರು. ಆ ಸಂಜೆ ಬಿಲ್ಲಿನ ಸಾಲು ಬಾಗಿಲವರೆಗೆ ಬಂದಿತ್ತು. ಅದರಲ್ಲಿ ಲೇಲೆ ಕಾಕು ನಿಂತಿದ್ದರು. ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಪಕ್ಕದ ಸೊಸೈಟಿಯವರು, ಮಾತು ಖಡಕ್ಕು, ಮರ್ಯಾದೆ ಅಂದರೆ ಪ್ರಾಣ. ಮನೆಯಲ್ಲಿ ಹಳದಿಕುಂಕುಮ ನಡೆಯುತ್ತಿರುವಾಗಲೇ ಉಡುಗೊರೆಯ ಡಬ್ಬಿ ಕಡಿಮೆ ಬಿದ್ದು ಓಡಿ ಬಂದಿದ್ದರು. ಜೊತೆಗೆ ಬಂದವರು ವಾರಿಜಕ್ಕ, ನಮ್ಮ ಉಡುಪಿಯವರು. ಗಂಡನಿಗೆ ಕಲ್ಯಾಣದ ಒಂದು ಹೋಟೆಲಿನಲ್ಲಿ ಪಾಲು. ಇವರ ಮಗಳಿಗೂ ಕಾಕುವಿನ ಮಗನಿಗೂ ಮದುವೆ ಆಗಷ್ಟೇ ನಿಶ್ಚಯವಾಗಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ಕಾಕುವನ್ನು ಒಪ್ಪಿಸಲು ಒಂದು ವರ್ಷ ಹಿಡಿದಿತ್ತು. ಆ ದಿನ ಕಾಕು ಮೊದಲ ಸಲ ವಾರಿಜಕ್ಕನನ್ನು ಬೀಗಿತ್ತಿ ಅಂತ ಮನೆಗೆ ಕರೆದು ಮಡಿಲು ತುಂಬಿದ್ದರು.

ಕಾಕು ಸಾಲಿನಲ್ಲಿರುವಾಗ ವಾರಿಜಕ್ಕ, ಹೊರಗೆ ಗಾಳಿಗೆ ನಿಲ್ಲುವ ಅಂತ, ಉಬ್ಬಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟು ದಾಟಿದರು. ಕಂಬ ಕೂಗಿತು.

ಭೋಸಲೆ ಸಾಹೇಬರು ಎಲ್ಲಿದ್ದರೋ, ಗರುಡನ ಹಾಗೆ ಬಂದರು. "ಬಾಯೀ, ಸೆರಗಲ್ಲಿ ಎಂತ ಉಂಟು? ತೋರಿಸಿ!"

"ಇದು ಇಲ್ಲಿ ತೋರಿಸುವಂಥದ್ದಲ್ಲ. ಮಡಿಲು ತುಂಬಿದ್ದು. ಮನೆಗೆ ಹೋಗಿ ದೇವರ ಮುಂದೆ ಬಿಚ್ಚಬೇಕು" ಅಂತ ವಾರಿಜಕ್ಕ ಅವರಿಗೆ ಬಂದ ಹಿಂದಿಯಲ್ಲಿ ಹೇಳಿದರು.

"ಎಲ್ಲ ಚೋರರೂ ದೇವರ ಹೆಸರೇ ಹೇಳುವುದು!"

ಇಡೀ ಸಾಲು ತಿರುಗಿ ನೋಡಿತು. ನಾನು ಓಡಿ ಬಂದೆ. "ಸಾಹೇಬ್, ಇವರು ಏನಾದರೂ ತೆಗೆದದ್ದನ್ನು ನೀವು ಕಂಡದ್ದುಂಟಾ?"

"ಮಷಿನ್ ಕಂಡಿದೆ."

"ಮಷಿನ್ ಕೋರ್ಟಿಗೆ ಬಂದು ಗೀತೆ ಮುಟ್ಟಿ ಪ್ರಮಾಣ ಮಾಡ್ತದಾ?"

"ಗಿರಿಜಾಬಾಯಿ, ಅವರನ್ನು ಕ್ಯಾಬಿನ್ನಿಗೆ ಕರಕೊಂಡು ಹೋಗಿ!"

ವಾರಿಜಕ್ಕನ ಮುಖ ಸುಣ್ಣದ ಹಾಗಾಗಿತ್ತು. ಅಷ್ಟು ಜನರ ಕಣ್ಣಿನಿಂದ ತಪ್ಪಿಸಿದರೆ ಸಾಕು ಅಂತ ಅವರೇ ನನ್ನ ಕೈ ಹಿಡಿದು ಒಳಗೆ ನಡೆದರು. ಬಾಗಿಲು ತೆರೆದಿತ್ತು; ಬಾಗಿಲಲ್ಲಿ ಸಾಹೇಬರು, ಬೆನ್ನು ಮಾಡಿ.

"ಅಕ್ಕ, ನಾನೊಬ್ಬಳೇ ನೋಡುವುದು. ಕಳಚುವುದು ಬೇಡ, ಒಂಚೂರು ಸರಿಸಿ ತೋರಿಸಿ" ಅಂತ ಕನ್ನಡದಲ್ಲಿ ಹೇಳಿದೆ. ನಮ್ಮ ಮಾತು ಕೇಳಿ ಅವರಿಗೆ ಅಳುವೇ ಬಂತು. ಸೆರಗು ಸಡಿಲಿಸಿದರು. ತೆಂಗಿನಕಾಯಿ, ಅಕ್ಕಿ, ವೀಳ್ಯದೆಲೆ, ಅಡಿಕೆ. ಅದರ ಅಡಿಯಲ್ಲಿ ಗಿಳಿಹಸಿರು ಬಣ್ಣದ ಒಂದು ರವಕೆ ಕಣ, ಮಾವಿನಕಾಯಿ ಅಂಚಿನದ್ದು. ಅದರ ಮೂಲೆಯಲ್ಲಿ ನಮ್ಮ ಅಂಗಡಿಯ ಟ್ಯಾಗ್.

ನೋಡಿದ ಕೂಡಲೇ ನನಗೆ ವಿಷಯ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಮಡಿಲಿಗೆ ಹಾಕುವ ಕಣವನ್ನು ಈ ಊರಿನಲ್ಲಿ ಯಾರೂ ಹೊಲಿಸುವುದಿಲ್ಲ. ಬಂದದ್ದನ್ನು ಹಾಗೇ ಕಪಾಟಿನಲ್ಲಿಟ್ಟು ಇನ್ನೊಬ್ಬರ ಮಡಿಲಿಗೆ ಹಾಕುವುದು. ಕಣ ಮನೆಯಿಂದ ಮನೆಗೆ ಹೋಗುತ್ತದೆ, ಮಡಿಕೆ ಬಿಚ್ಚುವುದಿಲ್ಲ. ನನ್ನ ಕಪಾಟಿನಲ್ಲೇ ಒಂದು ರಾಶಿ ಉಂಟು. ಯಾರು ಕೊಟ್ಟರೋ ಅವರಿಗೇ ವಾಪಸು ಹೋಗದ ಹಾಗೆ ನೋಡಿಕೊಂಡರೆ ಸಾಕು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಆದರೆ ಹೊಸ ಬೀಗಿತ್ತಿಗೆ ಮೊದಲ ಸಲ ಮಡಿಲು ತುಂಬುವಾಗ ಹಳೆಯದನ್ನು ದಾಟಿಸುವುದು, ಛೆ, ಅದು ಹೇಳಿಕೊಳ್ಳುವ ಮಾತಲ್ಲ.

"ಯಾರು ಕೊಟ್ಟದ್ದು ಅಂತ ಹೇಳಿಬಿಡಿ ಅಕ್ಕ, ಮುಗಿಯಿತು" ಅಂದೆ.

ವಾರಿಜಕ್ಕ ಕ್ಯಾಬಿನ್ನಿನ ಗಾಜಿನಾಚೆ ನೋಡಿದರು. ಕಾಕು ಡಬ್ಬಿಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದರು. "ಅಷ್ಟು ಹೆಂಗಸರ ಮುಂದೆ ಅವರ ಮಾನ ತೆಗೆಯಲಾ? ನನ್ನ ಮಗಳು ಆ ಮನೆಯಲ್ಲಿ ಬಾಳುವೆ ಮಾಡಬೇಕಾದವಳು. ನಾಳೆ ಅವಳಿಗೆ ಇದೇ ಚುಚ್ಚುಮಾತಾಗ್ತದೆ."

"ಹೇಳದಿದ್ದರೆ ನಿಮ್ಮನ್ನು ಕಳ್ಳಿ ಅಂತಾರಲ್ಲ! ಕಳ್ಳಿಯ ಮಗಳನ್ನು ಅವರು ತಂದುಕೊಳ್ತಾರಾ?"

"ಅದೇ ನನಗೂ ಗೊತ್ತಾಗುವುದಿಲ್ಲ ಮಾರಾಯ್ತಿ" ಅಂತ ತಲೆ ಹಿಡಿದುಕೊಂಡು ಕೂತರು.

ಅಷ್ಟರಲ್ಲಿ ಈ ಕಡೆ ತಿರುಗಿದ ಭೋಸಲೆ ಸಾಹೇಬರಿಗೆ ಟ್ಯಾಗ್ ಕಂಡಿತು. ಯುದ್ಧ ಗೆದ್ದ ಹಾಗೆ ಮೀಸೆ ಮೇಲೇರಿತು. "ಬಿಲ್ ಉಂಟಾ? ಇಲ್ಲ. ತಪ್ಪಾಯಿತು ಅಂತ ಬರೆದುಕೊಡಿ, ಬಿಟ್ಟುಬಿಡುತ್ತೇನೆ. ಇಲ್ಲದಿದ್ದರೆ ಪೊಲೀಸ್."

ವಾರಿಜಕ್ಕ ತಲೆ ಎತ್ತಿದರು. "ಪೊಲೀಸರನ್ನೇ ಕರೆಯಿರಿ. ಮಾಡದ ತಪ್ಪನ್ನು ನಾನು ಬರೆದುಕೊಡುವುದಿಲ್ಲ."

ಸಾಹೇಬರು ಗಾಜಿನಾಚೆ ಕೈ ಮಾಡಿ ಲೇಲೆ ಕಾಕುವನ್ನು ಕರೆದರು. "ಕಾಕು, ನೀವು ಇವರ ಜೊತೆಗೆ ಬಂದವರಲ್ಲವಾ?"

ಕಾಕು ಸುತ್ತ ನೋಡಿದರು. ಸಾಲಿನಲ್ಲಿ ಅರ್ಧಕ್ಕರ್ಧ ಅವರ ಸೊಸೈಟಿಯವರೇ. "ಜೊತೆಗೆ ಅಂದರೆ... ಹಾಗಲ್ಲ... ದಾರಿಯಲ್ಲಿ ಸಿಕ್ಕಿದರು."

ದೇವರೇ! ನನಗೆ ಆ ಹೆಂಗಸಿನ ಕೆನ್ನೆಗೆ ಎರಡು ಬಿಡುವ ಅಂತ ಕಂಡಿತು. ಒಳಗೆ ಕೂತ ವಾರಿಜಕ್ಕ ಅದನ್ನು ಕೇಳಿದರು. ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು, ಒಂದು ಕಾಳು ಅಕ್ಕಿ ಕೆಳಗೆ ಬೀಳದ ಹಾಗೆ.

ನಮ್ಮಲ್ಲಿ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇಲ್ಲಿ ಒಂದು ಚೂರು ಬಟ್ಟೆಗೆ ಎರಡು ಮನೆಯ ಮಾನ ಒಟ್ಟಿಗೆ ಹೋಗುವುದರಲ್ಲಿತ್ತು. ನಾನು ಸಾಹೇಬರ ಪಕ್ಕದಿಂದ ನುಸುಳಿ ಹೊರಗೆ ಬಂದು ಕಾಕುವಿನ ಹತ್ತಿರ ನಿಂತು ಮೆಲ್ಲಗೆ ಹೇಳಿದೆ: "ಅವರು ನಿಮ್ಮ ಹೆಸರು ಹೇಳಲಿಲ್ಲ ಕಾಕು. ಪೊಲೀಸ್ ಬಂದರೂ ಹೇಳುವುದಿಲ್ಲವಂತೆ. ಸಾಹೇಬರು ಫೋನ್ ತೆಗೆದಾಯಿತು."

 ಡಬ್ಬಿಗಳು ಕಾಕುವಿನ ಕೈಯಿಂದ ಜಾರಿ ದಡಬಡ ಅಂತ ಬಿದ್ದವು.

"ಥಾಂಬಾ!" ಅಂತ ಕಿರುಚಿದರು. ನಿಲ್ಲಿ ಅಂತ. ಭೋಸಲೆ ಸಾಹೇಬರು ಮಿಲಿಟರಿಯ ಅಭ್ಯಾಸಕ್ಕೆ ಅಟೆನ್ಶನ್ ನಿಂತುಬಿಟ್ಟರು. "ಆ ಕಣ ನಾನು ಹಾಕಿದ್ದು! ನನ್ನ ಕೈಯಾರೆ! ಅವರು ನನ್ನ ಬೀಗಿತ್ತಿ!"

"ಬಿಲ್?" ಅಂದರು ಸಾಹೇಬರು.

"ಬಿಲ್ ನಾನೆಲ್ಲಿಂದ ತರಲಿ? ನನಗೂ ಮಡಿಲಿಗೆ ಬಂದದ್ದು. ಕರಂದೀಕರ್ ವಹಿನಿ ಹಾಕಿದ್ದು!"

ವಹಿನಿ ಅಂದರೆ ಅತ್ತಿಗೆ; ಸಾಲಿನಲ್ಲಿ ಮುಂದೆ ನಿಂತಿದ್ದ ಆ ಕರಂದೀಕರ್ ವಹಿನಿ ಬೆಚ್ಚಿಬಿದ್ದರು. "ಅಗಂ ಬಾಯಿ! ನನ್ನ ಹೆಸರು ಯಾಕೆ ಎಳೀತೀರಿ? ನನಗೂ ಯಾರೋ ಹಾಕಿದ್ದೇ." ಅವರ ಹಿಂದಿನವಳು ನಕ್ಕಳು. ಅವಳ ಪಕ್ಕದವಳು, "ಗಿಳಿಹಸಿರಾ? ನಮ್ಮ ಮನೆಗೂ ಒಮ್ಮೆ ಬಂದು ಹೋಗಿತ್ತು" ಅಂದಳು. ಇನ್ನೊಬ್ಬಳು ತನಗೂ ಗುರುತು ಅಂದಳು. ಕಣ ಇಡೀ ಡೊಂಬಿವ್ಲಿ ಈಸ್ಟ್ ಸುತ್ತಿ ಬಂದಿತ್ತು! ಕಡೆಗೆ ಒಬ್ಬ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು.

"ಮಾವಿನಕಾಯಿ ಅಂಚಿನದ್ದಾ? ತೋರಿಸಿ ನೋಡುವ. ಅಯ್ಯೋ, ಇದಿನ್ನೂ ಉಂಟಾ! ಈ ಅಂಗಡಿ ಹೊಸದಾಗಿ ತೆರೆದಾಗ ನಾನೇ ತಗೊಂಡದ್ದು. ಮೂರು ಕೊಂಡರೆ ಒಂದು ಫ್ರೀ. ಇದು ಆ ಫ್ರೀ ಬಂದದ್ದು!"

ನನಗೆ ಎಲ್ಲ ಅರ್ಥವಾಯಿತು. ಫ್ರೀ ಅಂತ ನಮ್ಮ ಕೌಂಟರಿನವರು ಅದನ್ನು ಹಲಗೆಗೆ ಉಜ್ಜಿಯೇ ಇರಲಿಲ್ಲ. ಆಗ ಗೇಟಿನಲ್ಲಿ ಕಂಬ ಇನ್ನೂ ನಿಲ್ಲಿಸಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ತಪ್ಪು ನಮ್ಮದೇ, ಮೊದಲಿನಿಂದ. ಅಂಗಡಿ ಪೂರ್ತಿ ನಗುತ್ತಿತ್ತು. ನಗದವರು ಮೂರೇ ಜನ: ಕಾಕು, ವಾರಿಜಕ್ಕ, ಭೋಸಲೆ ಸಾಹೇಬರು.

ಸಾಹೇಬರು ವಾಶಿಯ ವಕೀಲರಿಗೆ ಫೋನ್ ಹಚ್ಚಿದರು. ಆ ಕಡೆಯ ಮೆಲ್ಲಗಿನ ಮಾತು ಎಂತದೋ, ಈ ಕಡೆ ಮೀಸೆ ಇಳಿಯುತ್ತಾ ಬಂದದ್ದು ಮಾತ್ರ ಕಂಡಿತು. "ಜೀ... ನಾನು ಕಣ್ಣಾರೆ ಕಂಡಿರಲಿಲ್ಲ... ಜೀ, ಎಲ್ಲರೆದುರೇ ಹೇಳಿದ್ದು... ಬಾಗಿಲು ತೆರೆದಿತ್ತು ಸರ್... ಹಾಂ, ನಾನು ನಿಂತಿದ್ದೆ." ಫೋನ್ ಇಟ್ಟು, ನೀರು ಕುಡಿದು, ಗಿಫ್ಟ್ ವೋಚರ್ ಹಿಡಿದು ಕ್ಯಾಬಿನ್ನಿಗೆ ಬಂದರು. "ಬಾಯಿ, ತಪ್ಪಾಯಿತು, ಕ್ಷಮಿಸಿ."

ವಾರಿಜಕ್ಕ ವೋಚರ್ ಮುಟ್ಟಲಿಲ್ಲ. "ಚೋರ್ ಅಂದದ್ದು ಗೇಟಿನಲ್ಲಿ. ಕ್ಷಮೆ ಕೇಳುವುದು ಕೋಣೆಯಲ್ಲಾ?"

ಕೇಳಿದ್ದನ್ನು ಕೊಡಿ ಅಂತ ವಕೀಲರ ಅಪ್ಪಣೆಯಾಗಿತ್ತು. ಪಾಪ, ಸಾಹೇಬರು ಆಫರ್ ಕೂಗುವ ಮೈಕ್ ಹಿಡಿದರು. ಅದರ ಗುಂಡಿ ಒತ್ತಿದರೆ ಮೊದಲು ಸೇಲಿನ ಸಂಗೀತ ಬರುತ್ತದೆ. "ಟಣ್ ಟಣಾ ಟಣ್! ಪ್ರಿಯ ಗ್ರಾಹಕರೇ, ಗಮನಿಸಿ. ವಾರಿಜಾ ಬಾಯಿಯವರು ಏನೂ ಕದ್ದಿಲ್ಲ. ನಮ್ಮಿಂದ ತಪ್ಪಾಗಿದೆ. ನಾವು ಕೈಮುಗಿದು ಕ್ಷಮೆ ಕೇಳುತ್ತೇವೆ." ಅಷ್ಟಕ್ಕೆ ನಿಲ್ಲಿಸಬಾರದಾ? ಬಾಯಿಗೆ ಅಭ್ಯಾಸ: "ಈ ಅವಕಾಶ ಇಂದು ಮಾತ್ರ."

ಆಗ ವಾರಿಜಕ್ಕನಿಗೂ ನಗು ಬಂತು. ಕೇಸು ಹಾಕಲಿಲ್ಲ. ಹಾಕಿದ್ದರೆ ಸಾಹೇಬರ ಜೊತೆ ನಾನೂ ಕೋರ್ಟಿನ ಕಟಕಟೆ ಹತ್ತಬೇಕಿತ್ತು, ಅವರ ಜೊತೆ ಕ್ಯಾಬಿನ್ನಿಗೆ ಹೋಗಿ ಸೆರಗು ಸರಿಸಿ ನೋಡಿದವಳು ನಾನೇ ತಾನೆ.

ಆದರೆ ಕಾಕುವಿನ ಹತ್ತಿರ ಅವರು ಮಾತಾಡಲಿಲ್ಲ. ಕಾಕು ಅಲ್ಲೇ ರೇಷ್ಮೆಯ ಹೊಸ ಕಣ ಕೊಂಡು ಕೊಡಲು ಬಂದರು. "ಬೇಡ. ಮಡಿಲಿಗೆ ಬಿದ್ದದ್ದು ಬಿತ್ತು" ಅಂತ ಆ ಗಿಳಿಹಸಿರನ್ನೇ ಸೆರಗಿನಲ್ಲಿಟ್ಟುಕೊಂಡು ಒಬ್ಬರೇ ರಿಕ್ಷಾ ಹತ್ತಿದರು.

ವಾರ ಕಳೆದು ಸ್ಟೇಷನ್ನಿನ ಹತ್ತಿರ ತರಕಾರಿ ಕೊಳ್ಳುವಾಗ ಸಿಕ್ಕಿದರು. ಮದುವೆ ವಿಷಯ ಕೇಳಿದೆ.

"ಯೋಚನೆ ಮಾಡ್ತಾ ಇದ್ದೇನೆ ಗಿರಿಜಾ. ಹಳೆ ಕಣ ಕೊಟ್ಟದ್ದಕ್ಕೆ ಬೇಜಾರಿಲ್ಲ, ನಾನೂ ಎಷ್ಟೋ ದಾಟಿಸಿದ್ದೇನೆ. ದಾರಿಯಲ್ಲಿ ಸಿಕ್ಕಿದವಳು ಅಂದರಲ್ಲ, ಅದು ಮನಸ್ಸಿನಿಂದ ಹೋಗುವುದಿಲ್ಲ. ನಾಳೆ ನನ್ನ ಮಗಳಿಗೆ ಕಷ್ಟ ಬಂದರೆ ಅವಳನ್ನೂ ದಾರಿಯಲ್ಲಿ ಸಿಕ್ಕಿದವಳು ಅಂದರೆ?"

"ಕಡೆಗೆ ಕೂಗಿ ಹೇಳಿದ್ದೂ ಅವರೇ ಅಲ್ವಾ ಅಕ್ಕ?" ಅಂದೆ. ಅವರು ಒಂದು ಬೆಂಡೆಕಾಯಿಯ ತುದಿ ಮುರಿದು ನೋಡಿದರು. ನಾನೂ ಹೆಚ್ಚು ಕೆದಕಲಿಲ್ಲ.

ಮಳೆಗಾಲಕ್ಕೆ ಮೊದಲು ಮದುವೆಯ ಕರೆ ಬಂತು. ನನಗೂ, ಭೋಸಲೆ ಸಾಹೇಬರಿಗೂ! ಸಾಹೇಬರು ಮದುವೆ ಹಾಲಿನ ಬಾಗಿಲಲ್ಲಿ ಯಾರ ಕಡೆಯೂ ನೋಡದೆ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. ಒಳಗೆ ಹೋಗಿ ನೋಡುತ್ತೇನೆ, ಹುಡುಗಿಯ ತಾಯಿ ಮೆರೂನ್ ಬಣ್ಣದ ಕಂಚಿ ಸೀರೆ ಉಟ್ಟಿದ್ದಾರೆ, ಅದರ ಮೇಲೆ ಗಿಳಿಹಸಿರು ರವಕೆ. ಮಾವಿನಕಾಯಿ ಅಂಚನ್ನು ತೋಳಿಗೆ ಬರುವ ಹಾಗೆ ಹೊಲಿಸಿದ್ದಾರೆ. ಬಣ್ಣವೋ, ನೋಡಿದರೆ ಕಣ್ಣುರಿ! ಇಷ್ಟು ವರ್ಷ ಊರೆಲ್ಲ ಸುತ್ತಿದ ಕಣಕ್ಕೆ ಮೊದಲ ಸಲ ಯಾರೋ ಕತ್ತರಿ ಹಾಕಿದ್ದರು.

ಲೇಲೆ ಕಾಕು ಅದನ್ನು ಕಂಡದ್ದು ಮಂಟಪದ ಹತ್ತಿರ. ಕೈಯಲ್ಲಿದ್ದ ಅಕ್ಷತೆ ಹಾಗೇ ನಿಂತಿತು. ವಾರಿಜಕ್ಕ ತೋಳಿನ ಅಂಚು ಒಮ್ಮೆ ಸರಿಮಾಡಿಕೊಂಡರು ಅಷ್ಟೆ. ಕಾಕು ಹತ್ತಿರ ಬಂದು ಅವರ ಕೈಗೆ ಕೈ ಹೆಣೆದು ನಿಂತರು. ಆಮೇಲೆ ಊಟದ ಹೊತ್ತಿನವರೆಗೆ ಬಿಡಲೇ ಇಲ್ಲ. ಬಂದ ಪ್ರತಿಯೊಬ್ಬ ನೆಂಟರ ಮುಂದೆ ಎಳೆದುಕೊಂಡು ಹೋಗಿ, "ಇವರು ನನ್ನ ಬೀಗಿತ್ತಿ. ಈ ರವಕೆ ಕಣ ನಾನೇ ಕೊಟ್ಟದ್ದು" ಅಂತ ಹಾಲಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು.

ಯಾರು ಕೊಟ್ಟದ್ದು ಅಂತ ಯಾರೂ ಕೇಳಿರಲಿಲ್ಲ.